ಮುಸಾಫರಿ ಬಂಗಲೆ: ಹೊಸೂರು–ಕೃಷ್ಣಗಿರಿ ಸೀಮೆ

ದಾರಿಯಲ್ಲಿ ಹೋಗುವ ಅಧಿಕಾರಿಗಳೂ ಪರಸ್ಥಳದವರೂ ರಾತ್ರಿ ತಂಗಲೆಂದು ಸರ್ಕಾರ ರಸ್ತೆಯ ಮಗ್ಗುಲಲ್ಲಿ ಕಟ್ಟಿಸುತ್ತಿದ್ದ ಮನೆಯೇ ಮುಸಾಫರಿ ಬಂಗಲೆ. ಬಾಯಿಮಾತಿನಲ್ಲಿ ಇದು ಟ್ರಾವೆಲರ್ಸ್ ಬಂಗಲೆ, ಇನ್ನೂ ಚುಟುಕಾಗಿ ‘ಟೀಬಿ’. ಕರ್ನಾಟಕದ ಫಲಕಗಳಲ್ಲಿ ಪ್ರವಾಸಿ ಮಂದಿರ ಎಂದೂ ತಮಿಳುನಾಡಿನ ಫಲಕಗಳಲ್ಲಿ ‘ಪಯಣಿಯರ್ ಮಾಳಿಗೈ’ ಎಂದೂ ಬರೆದಿರುತ್ತದೆ. ಹೊಸೂರು, ಶೂಲಗಿರಿ, ಕೃಷ್ಣಗಿರಿ, ರಾಯಕೋಟೆ, ಡೆಂಕಣಿಕೋಟೆಗಳನ್ನು ಒಳಗೊಂಡ ಈ ಸೀಮೆ ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. 1965ರವರೆಗೆ ಇದು ಸೇಲಂ ಜಿಲ್ಲೆಯಲ್ಲಿತ್ತು, ಆಮೇಲೆ ಧರ್ಮಪುರಿಯಲ್ಲಿ. 2004ರ ಫೆಬ್ರವರಿಯಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ನಾಡು. ಹೊಸೂರು ಎಂದರೆ ಹೊಸ ಊರು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡೆಂಕಣಿಕೋಟೆ ‘ತೆಂಕಣ ಕೋಟೆ’ಯಿಂದ ಬಂತು ಎನ್ನುವುದೂ ಹಳೆಯ ಮಾತೇ.

ಬಂಗಲೆಯ ಚರಿತ್ರೆಗೆ ಇಳಿಯುವ ಮುನ್ನ ದಾರಿಯನ್ನು ನೋಡಬೇಕು. ಮದರಾಸಿನಿಂದ ಬೆಂಗಳೂರಿಗೆ, ಅಲ್ಲಿಂದ ಮೈಸೂರಿಗೆ ಹೋಗುವ ದೊಡ್ಡ ರಸ್ತೆ ಕೃಷ್ಣಗಿರಿಯ ಬಳಿ ಬಯಲನ್ನು ಬಿಟ್ಟು ಘಟ್ಟ ಏರುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೃಷ್ಣಗಿರಿ ಅದಕ್ಕಿಂತ ಸುಮಾರು 350ರಿಂದ 400 ಮೀಟರ್ ತಗ್ಗು. ಮೇಲಿನ ಭಾಗಕ್ಕೆ ಬಾಲಾಘಾಟ್ ಎಂದೂ ಕೆಳಗಿನದಕ್ಕೆ ಬಾರಾಮಹಲ್ ಎಂದೂ ಹಳೆಯ ಕಾಗದಪತ್ರಗಳಲ್ಲಿ ಹೆಸರು. ಹೊಸೂರಿನಿಂದ ಶೂಲಗಿರಿಗೆ ಸುಮಾರು 25 ಕಿಲೋಮೀಟರ್, ಶೂಲಗಿರಿಯಿಂದ ಕೃಷ್ಣಗಿರಿಗೂ ಹೆಚ್ಚುಕಡಿಮೆ ಅಷ್ಟೇ. ಈ ಅಂತರ ಆಕಸ್ಮಿಕವಲ್ಲ. ಹೇರು ತುಂಬಿದ ಎತ್ತಿನ ಗಾಡಿ ಒಂದು ದಿನಕ್ಕೆ, ಬಹಳ ಎಂದರೆ ಒಂದೂವರೆ ದಿನಕ್ಕೆ ನಡೆಯಬಲ್ಲ ದಾರಿ ಅದು. ಎತ್ತಿಗೆ ಸುಸ್ತಾದ ಕಡೆ ಮನುಷ್ಯನಿಗೂ ಸೂರು ಬೇಕು. ಇಡೀ ಚರಿತ್ರೆಯನ್ನು ಎತ್ತಿನ ಕಾಲು, ರೈಲಿನ ಗಾಲಿ, ಕಾರಿನ ಚಕ್ರ ಎಂದು ಮೂರು ವೇಗಗಳಲ್ಲಿ ಹೇಳಿ ಮುಗಿಸಬಹುದು. ವೇಗ ಬದಲಾದಾಗಲೆಲ್ಲ ತಂಗುವ ಊರೂ ಬದಲಾಗಿದೆ.

ಬಂಗಲೆ ಬರುವುದಕ್ಕೆ ಮೊದಲು ಛತ್ರವಿತ್ತು, ತೋಪಿತ್ತು, ಅರವಟ್ಟಿಗೆಯಿತ್ತು. ಪುಣ್ಯಕ್ಕೆಂದು ಕಟ್ಟಿಸಿದ ಕಲ್ಲುಕಂಬದ ಮಂಟಪ, ಪಕ್ಕದಲ್ಲೊಂದು ಬಾವಿ, ನೆರಳಿಗೆ ಹುಣಿಸೆ ಅಥವಾ ಮಾವಿನ ಸಾಲು, ಬೇಸಿಗೆಯಲ್ಲಿ ನೀರುಮಜ್ಜಿಗೆ ಕೊಡುವ ಅರವಟ್ಟಿಗೆ. ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿಕೊಳ್ಳಲು ಎದೆಮಟ್ಟಕ್ಕೆ ನಿಲ್ಲಿಸಿದ ಅಡ್ಡಗಲ್ಲುಗಳೂ ದಾರಿಯುದ್ದಕ್ಕೂ ಇದ್ದವು. ತಮಿಳರು ಅದನ್ನು ‘ಸುಮೈತಾಂಗಿ’ ಎನ್ನುತ್ತಾರೆ. ಛತ್ರದಲ್ಲಿ ಬಾಡಿಗೆಯ ಮಾತಿಲ್ಲ, ಆದರೆ ಜಾತಿಯ ಮಾತಿತ್ತು: ಯಾರು ಒಳಗೆ, ಯಾರು ಜಗಲಿಯಲ್ಲಿ, ಯಾರು ಮರದ ಕೆಳಗೆ ಎಂಬುದು ಬಾಗಿಲಲ್ಲೇ ತೀರ್ಮಾನವಾಗುತ್ತಿತ್ತು. ಇಂಥ ಛತ್ರಗಳಿಗೆ ಬಿಟ್ಟ ಭೂಮಿಕಾಣಿ ಪೋಲಾಗದಂತೆ ನೋಡಿಕೊಳ್ಳಲು ಮದರಾಸು ಸರ್ಕಾರ 1817ರಲ್ಲಿ ಏಳನೆಯ ರೆಗ್ಯುಲೇಷನ್ ತಂದು, ದೇವಸ್ಥಾನ, ಮಸೀದಿಗಳ ಜತೆಗೆ ಛತ್ರಗಳನ್ನೂ ರೆವಿನ್ಯೂ ಬೋರ್ಡಿನ ಉಸ್ತುವಾರಿಗೆ ಒಪ್ಪಿಸಿತು.

ಇಲ್ಲಿ ಇಂಗ್ಲಿಷರ ವಸತಿ ಶುರುವಾದದ್ದು ಡೇರೆಯಲ್ಲಿ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಹೊಸೂರೂ ರಾಯಕೋಟೆಯೂ ಕಂಪನಿಯ ಕೈಸೇರಿದವು. ಕೃಷ್ಣಗಿರಿ ದುರ್ಗ ಮಾತ್ರ ಅದೇ ವರ್ಷದ ನವೆಂಬರಿನ ಲಗ್ಗೆಯಲ್ಲಿ ಜಗ್ಗಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಹೋಯಿತು, ಘಟ್ಟದ ಮೇಲಿನ ಹೊಸೂರು ಟಿಪ್ಪುವಿನ ಬಳಿಯೇ ಉಳಿಯಿತು. ಹೀಗೆ ಏಳು ವರ್ಷ ಕೃಷ್ಣಗಿರಿ ಒಂದು ರಾಜ್ಯ, ಹೊಸೂರು ಇನ್ನೊಂದು. ಕಲೆಕ್ಟರ್ ಆಗಿ ಬಂದ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕರಲ್ಲಿ ಒಬ್ಬನಾದ ಥಾಮಸ್ ಮನ್ರೊ ರೈತವಾರಿ ಪದ್ಧತಿಯ ಮೊದಲ ಪಾಠ ಕಲಿತದ್ದು ಈ ಸೀಮೆಯ ಹೊಲಗಳಲ್ಲೇ. ಹೊಲ ಹೊಲ ಅಳೆದು ಕಂದಾಯ ಗೊತ್ತುಮಾಡುವ ಕೆಲಸ ಕಚೇರಿಯಲ್ಲಿ ಕೂತು ಆಗುವುದಲ್ಲ. ವರ್ಷದ ಬಹುಭಾಗ ಊರಾಚೆಯ ತೋಪಿನಲ್ಲಿ ಡೇರೆ, ಮರದ ಕೆಳಗೆ ಮೇಜು, ಎದುರಿಗೆ ಕರಣಂ ತಂದಿಟ್ಟ ಕಡತ. ಕನ್ನಡಕ್ಕೂ ತಮಿಳಿಗೂ ಒಂದೇ ಬಾಗಿಲಿಂದ ಬಂದ ‘ಮೊಕ್ಕಾಂ’ ಎಂಬ ಮಾತು ಈ ಬದುಕಿಗೆ ಸರಿಯಾಗಿ ಒಪ್ಪುತ್ತದೆ.

1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸನ ದಂಡು ಶ್ರೀರಂಗಪಟ್ಟಣಕ್ಕೆ ಹೋದದ್ದು ರಾಯಕೋಟೆ, ಕೆಲಮಂಗಲದ ಮೇಲೆ. ಟಿಪ್ಪು ಬಿದ್ದ ನಂತರ ಹೊಸೂರೂ ಕಂಪನಿಯ ಪಾಲಾಯಿತು. ಮರುವರ್ಷ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಿಂದಿರುಗುವಾಗ ಹಿಡಿದದ್ದೂ ರಾಯಕೋಟೆ–ಕೃಷ್ಣಗಿರಿಯ ದಾರಿಯನ್ನೇ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ದಿನಚರಿಯಲ್ಲಿ ಪ್ರತಿ ದಿನದ ನಡಿಗೆಗೂ ಒಂದು ಊರಿನ ಹೆಸರಿದೆ. ತಂಗುದಾಣಗಳ ಪಟ್ಟಿ ಬೇಕಾದವರಿಗೆ ಅದಕ್ಕಿಂತ ಒಳ್ಳೆಯ ಕೈಪಿಡಿ ಇಲ್ಲ.

ಡೇರೆ ಹೋಗಿ ಗಾರೆಯ ಮನೆ ಬಂದದ್ದು ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ. ಡಾಕು, ಅಂದರೆ ಟಪಾಲಿನ ಓಟಗಾರರನ್ನೂ ಪಲ್ಲಕ್ಕಿ ಹೊರುವ ಬೋಯಿಗಳನ್ನೂ ಹಂತ ಹಂತಕ್ಕೆ ಬದಲಿಸುವ ಏರ್ಪಾಟು, ದೊಡ್ಡ ರಸ್ತೆಗಳಲ್ಲಿ ಬೇರೂರಿದಾಗ ಅದರ ಜತೆಗೇ ತಂಗುವ ಮನೆಗಳೂ ಎದ್ದವು. ಉತ್ತರದಲ್ಲಿ ಅವಕ್ಕೆ ಡಾಕ್ ಬಂಗಲೆ ಎಂಬ ಹೆಸರು ನಿಂತಿತು. ಮದರಾಸು ಪ್ರಾಂತ್ಯದಲ್ಲಿ ಟ್ರಾವೆಲರ್ಸ್ ಬಂಗಲೆ ಎಂದೇ ವಾಡಿಕೆ. ಬಂಗಲೆ ಎಂಬ ಪದವೂ ನಮ್ಮದೇ: ಬಂಗಾಳದ ಹುಲ್ಲುಮಾಡಿನ ಮನೆಯ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ದೊರೆತನ ಹೊತ್ತು ಕನ್ನಡಕ್ಕೆ ಬಂದಿದೆ.

ಬಂಗಲೆಗಳ ನಕ್ಷೆ ಎಲ್ಲೆಲ್ಲೂ ಹೆಚ್ಚುಕಡಿಮೆ ಒಂದೇ. ನೆಲದಿಂದ ಮೂರು ನಾಲ್ಕು ಮೆಟ್ಟಿಲು ಎತ್ತರದ ಪಾಯ. ಮುಂದೆ, ಕೆಲವು ಕಡೆ ಸುತ್ತಲೂ, ಅಗಲವಾದ ಜಗಲಿ. ನಡುವೆ ಊಟದ ಹಜಾರ. ಅದರ ಎರಡು ಮಗ್ಗುಲಿಗೆ ಎರಡು ಮಲಗುವ ಕೋಣೆ. ಪ್ರತಿ ಕೋಣೆಯ ಹಿಂದೆ ಬಚ್ಚಲು, ಬಚ್ಚಲಿಗೆ ಹೊರಗಿನಿಂದ ಬೇರೆ ಬಾಗಿಲು. ನೀರು ತರುವವನೂ ಕಕ್ಕಸು ಬಳಿಯುವವನೂ ಹಜಾರಕ್ಕೆ ಕಾಲಿಡದೆ ಕೆಲಸ ಮುಗಿಸಲೆಂದೇ ಆ ಬಾಗಿಲು. ಅಡಿಗೆಮನೆ ಹಿತ್ತಲಿನಲ್ಲಿ, ಹೊಗೆಯೂ ವಾಸನೆಯೂ ಬಾರದಷ್ಟು ದೂರ. ಮಳೆಗಾಲದಲ್ಲಿ ಸೂಪು ಮೇಜಿಗೆ ಬರುವ ಹೊತ್ತಿಗೆ ತಣ್ಣಗಾಗುವಷ್ಟೂ ದೂರ. ಇನ್ನೊಂದು ಕಡೆ ಕುದುರೆಲಾಯ. ಮೇಲೆ ಮದರಾಸು ತಾರಸಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಸರ್ಕಾರಿ ಕಟ್ಟಡಗಳಿಗೆ ಕೆಂಪು ಹೆಂಚು. ಒಳಗಿನ ಸಾಮಾನೂ ಎಣಿಸಿದಷ್ಟೇ: ಹಗ್ಗದ ಮಂಚ, ಒಂದು ಮೇಜು, ಕಾಲು ಚಾಚಿ ಇಡಲು ಉದ್ದ ಕೈಗಳಿರುವ ಬೆತ್ತದ ಆರಾಮ ಕುರ್ಚಿ, ಗೋಡೆಗೆ ಟೋಪಿ ತೂಗುಹಾಕುವ ಗೂಟ. ಹಾಸಿಗೆ ಹೊದಿಕೆ ಬಂದವರೇ ತರಬೇಕು.

ಜಗಲಿಯ ಮೂಲೆಯಲ್ಲಿ ಒಂದು ರಿಜಿಸ್ಟರು. ಹೆಸರು, ಹುದ್ದೆ, ಬಂದ ಹೊತ್ತು, ಹೊರಟ ಹೊತ್ತು, ಕೊಟ್ಟ ಹಣ, ಕಡೆಯ ಕಂಬದಲ್ಲಿ ದೂರು. ದಿನಕ್ಕೆ ತಲೆಗೆ ಒಂದು ರೂಪಾಯಿ ಎಂಬುದು ದೇಶದ ಉದ್ದಗಲಕ್ಕೂ ಬಹುಕಾಲ ನಡೆದ ದರ. ಇಷ್ಟು ಹೊತ್ತು ಇರಬಹುದು, ಆಮೇಲೆ ಬಂದವರಿಗೆ ಜಾಗ ಬಿಡಬೇಕು ಎಂಬ ನಿಯಮವೂ ಇತ್ತು. ಸರ್ಕಾರಿ ಕೆಲಸದ ಮೇಲೆ ಬಂದವರಿಗೆ ಮೊದಲ ಮಣೆ. ಮನೆಯನ್ನು ನೋಡಿಕೊಳ್ಳುವವನಿಗೆ ಕನ್ನಡದಲ್ಲಿ ‘ಮೇಟಿ’ ಎಂಬ ಹೆಸರು ಈಗಲೂ ಇದೆ. ರಣದ ಮೇಟಿಯೂ ಅಲ್ಲ, ಬೇಸಾಯದ ಮೇಟಿಯೂ ಅಲ್ಲ: ಬಟ್ಲರನ ಕೈಕೆಳಗಿನ ಆಳಿಗೆ ಇಂಗ್ಲಿಷ್ ಮನೆಗಳಲ್ಲಿ ಕರೆಯುತ್ತಿದ್ದ ‘ಮೇಟ್’ ಇಲ್ಲಿ ಮೇಟಿಯಾಗಿ, ಬಟ್ಲರು ಮಾಯವಾದ ಮೇಲೂ ಉಳಿದುಕೊಂಡಿತು. ಅತಿಥಿ ಕುದುರೆಯಿಂದ ಇಳಿಯುವುದು ಕಂಡ ಕೂಡಲೇ ಮೇಟಿ ಹಿತ್ತಲಿನಲ್ಲಿ ಕೋಳಿ ಅಟ್ಟಿಸಿಕೊಂಡು ಹೋಗುವನು; ಅರ್ಧ ಗಂಟೆಯಲ್ಲಿ ಅದು ತಟ್ಟೆಯಲ್ಲಿ. ಈ ಕೋಳಿಗೆ ಆಂಗ್ಲೋ-ಇಂಡಿಯನ್ನರ ಆಡುಮಾತಿನಲ್ಲಿ ‘ದಿಢೀರ್ ಸಾವು’ ಎಂಬರ್ಥದ ಹೆಸರಿತ್ತು. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಅದಕ್ಕೊಂದು ನಮೂದನ್ನೇ ಮೀಸಲಿಟ್ಟಿದೆ.

ಬಂಗಲೆ ಎಲ್ಲ ಪ್ರಯಾಣಿಕರಿಗೂ ಎಂದು ಕಾಗದದ ಮೇಲೆ ಇದ್ದೀತು. ನಡವಳಿಕೆಯಲ್ಲಿ ಅದು ದೊರೆಗಳದು, ಬರಬರುತ್ತ ದೊರೆಗಳಂತೆ ಉಡುವ ಊಟಮಾಡುವ ದೇಶೀ ಅಧಿಕಾರಿಗಳದು. ಛತ್ರದ ಬಾಗಿಲು ಜಾತಿ ಕೇಳಿದರೆ ಬಂಗಲೆಯ ಬಾಗಿಲು ಹುದ್ದೆ ಕೇಳಿತು. ಮಡಿಯ ತಹಸೀಲ್ದಾರನೊಬ್ಬನಿಗೆ ಬಂಗಲೆಯ ಅಡಿಗೆ ಸೇರದು, ಛತ್ರದಲ್ಲಿ ಕಲೆಕ್ಟರನ ಮುಂದೆ ಕುರ್ಚಿ ಇಲ್ಲ. ಅಂಥವನು ಹಗಲು ಬಂಗಲೆಯ ಜಗಲಿಯಲ್ಲಿ, ರಾತ್ರಿ ಪರಿಚಿತರ ಮನೆಯಲ್ಲಿ. 1871ರ ಲೋಕಲ್ ಫಂಡ್ ಕಾಯಿದೆ, 1884ರ ಲೋಕಲ್ ಬೋರ್ಡ್ ಕಾಯಿದೆಗಳ ನಂತರ ರಸ್ತೆ, ಆಸ್ಪತ್ರೆ, ಶಾಲೆಗಳಂತೆ ಛತ್ರ, ಬಂಗಲೆಗಳ ನಿರ್ವಹಣೆಯೂ ಸ್ಥಳೀಯ ಬೋರ್ಡುಗಳ ಕೈಗೆ ಬರತೊಡಗಿತು. ಎರಡೂ ಒಂದೇ ಲೆಕ್ಕಪುಸ್ತಕಕ್ಕೆ ಬಂದರೂ ಬಾಗಿಲುಗಳು ಬೇರೆಯಾಗಿಯೇ ಉಳಿದವು. ಹೋಟೆಲು, ಅಂಗಡಿ, ಸಾರ್ವಜನಿಕ ಊಟದ ಮನೆಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎಂಬುದು 1950ರ ಸಂವಿಧಾನದ 15ನೆಯ ವಿಧಿಯಲ್ಲಿ ಬರುವವರೆಗೆ ಈ ಪ್ರಶ್ನೆ ತೀರಲಿಲ್ಲ. ಕಾಯಿದೆಯಲ್ಲಿ ತೀರಿತು ಎಂದಷ್ಟೇ ಹೇಳಬಹುದು.

ಬಂಗಲೆಯ ವೈಭವ ಕುಗ್ಗಿದ್ದು ರೈಲಿನಿಂದ. ಮದರಾಸು ಕಡೆಯ ಹಳಿ ಜೋಲಾರಪೇಟೆಯಲ್ಲಿ ಕವಲೊಡೆದು, ಬಂಗಾರಪೇಟೆಯ ಮೇಲೆ ಹಾದು, 1864ರಲ್ಲಿ ಬೆಂಗಳೂರು ದಂಡನ್ನು ಮುಟ್ಟಿತು. ಕೃಷ್ಣಗಿರಿಗೂ ಹೊಸೂರಿಗೂ ಅದರ ಸಿಳ್ಳೆಯೂ ಕೇಳಿಸಲಿಲ್ಲ. ನಾಲ್ಕಾರು ರಾತ್ರಿ ದಾರಿಯಲ್ಲಿ ಕಳೆಯುತ್ತಿದ್ದವರು ಒಂದೇ ದಿನದಲ್ಲಿ ಬೆಂಗಳೂರು ಸೇರುವಂತಾದಾಗ ಘಟ್ಟದ ಬಂಗಲೆಗಳಿಗೆ ಉಳಿದದ್ದು ಜಿಲ್ಲೆಯೊಳಗೇ ಓಡಾಡುವ ಅಧಿಕಾರಿಗಳು: ಜಮಾಬಂದಿಗೆ ಬರುವ ಕಲೆಕ್ಟರು, ಕೆರೆ ಏರಿ ನೋಡುವ ಎಂಜಿನಿಯರು, ಶಾಲೆ ತಪಾಸಣೆಯ ಇನ್‌ಸ್ಪೆಕ್ಟರು, ಸಿಡುಬಿನ ದಾಕು ಹಾಕಿಸುವವರು. ದಾರಿಹೋಕರ ಮನೆ ಹೀಗೆ ನಿರೀಕ್ಷಣಾ ಮಂದಿರವಾಯಿತು. ಮೇಲ್ನೋಟಕ್ಕೆ ಹೆಸರಿನ ವ್ಯತ್ಯಾಸ, ನಿಜಕ್ಕೆ ಕಸುಬಿನ ವ್ಯತ್ಯಾಸ.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ರೈಲು ಇತ್ತಲೂ ಬಂತು, ಆದರೆ ಆಟಿಕೆಯಂಥದು. ತಿರುಪತ್ತೂರಿನಿಂದ ಕೃಷ್ಣಗಿರಿಗೆ 1905ರಲ್ಲಿ, ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ, ಅಲ್ಲಿಂದ ಹೊಸೂರಿಗೆ 1913ರಲ್ಲಿ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಹಾಕಿದರು. ಬರಗಾಲದಲ್ಲಿ ಧಾನ್ಯ ಸಾಗಿಸಲು ಬೇಕು ಎಂಬುದು ಇಂಥ ಮಾರ್ಗಗಳ ಹಿಂದಿನ ದೊಡ್ಡ ವಾದ. ಎರಡನೆಯ ಮಹಾಯುದ್ಧದಲ್ಲಿ ಕಬ್ಬಿಣಕ್ಕೆ ಬೆಲೆ ಬಂದಾಗ ಹಳಿಗಳನ್ನು ಕಿತ್ತರು. ಆ ಹೊತ್ತಿಗೆ ಬಸ್ಸು ಬಂದಿತ್ತು. ಕೃಷ್ಣಗಿರಿ ಅಂದು ಕಳೆದುಕೊಂಡ ರೈಲನ್ನು ಮತ್ತೆ ಪಡೆದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಹೊಸೂರಿಗೆ ಸೇಲಂ–ಬೆಂಗಳೂರು ಮಾರ್ಗ ಸಿಕ್ಕಿತು.

ಹೊಸೂರಿನ ಕಥೆಗೆ ಒಂದು ಉಪಕಥೆಯಿದೆ. ತಂಪಿನ ಊರಾದ್ದರಿಂದ ಸೇಲಂ ಬಯಲಿನ ಸೆಕೆ ತಾಳದ ಅಧಿಕಾರಿಗಳಿಗೆ ಇದರ ಮೇಲೆ ಕಣ್ಣು. ಸಬ್-ಕಲೆಕ್ಟರು ಇಲ್ಲೇ ಇರುತ್ತಿದ್ದರು. ಪಕ್ಕದ ಮತ್ತಿಗಿರಿಯಲ್ಲಿ 1824ರಿಂದ ಸೇನೆಗೆ ಕುದುರೆ ಒದಗಿಸುವ ರಿಮೌಂಟ್ ಡಿಪೋ ಇತ್ತು. 1,600 ಎಕರೆಗೂ ಮಿಗಿಲಾದ ಆ ಜಾಗವೇ ಇಂದಿನ ಜಾನುವಾರು ಫಾರಂ. 1860ರ ದಶಕದಲ್ಲಿ ಸೇಲಂ ಕಲೆಕ್ಟರನಾಗಿದ್ದ ಬ್ರೆಟ್ ಎಂಬವನು ತನ್ನ ವಾಸಕ್ಕೆ ಬಂಗಲೆ ಸಾಲದೆಂದು ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ಬುರುಜು ಸಮೇತ ಒಂದು ಮನೆ ಎಬ್ಬಿಸಿದ. ಹೆಂಡತಿಯ ಮನಸ್ಸು ಒಲಿಸಲು ಕಟ್ಟಿಸಿದ ಎಂಬ ಕತೆ ಊರಲ್ಲಿದೆ. ಎಲ್ಲ ಪಾಳುಕೋಟೆಗಳಿಗೂ ಇಂಥದೊಂದು ಹೆಂಡತಿಯ ಕತೆ ಅಂಟಿಕೊಂಡೇ ಇರುವುದರಿಂದ ನಂಬಲೇಬೇಕಾಗಿಲ್ಲ. ಬ್ರೆಟ್ಸ್ ಕ್ಯಾಸಲ್ ಎಂದು ಹೆಸರಾಗಿದ್ದ ಆ ಕಟ್ಟಡದಲ್ಲಿ ಈಗ ಮುರಿದ ಗೋಡೆ, ಕುಸಿದ ಕಮಾನು, ಮುಳ್ಳುಗಿಡ. ಅಧಿಕಾರಿಯೊಬ್ಬನ ಆಸೆಗೆ ಎದ್ದ ಮನೆ ಅವನ ಬೆನ್ನಿಗೇ ಬಡವಾಯಿತು. ಎರಡು ಕೋಣೆಯ ಬಂಗಲೆಗಳು ಬಳಕೆಯಲ್ಲಿದ್ದಷ್ಟು ಕಾಲವೂ ಸುಣ್ಣ ಕಂಡವು.

ಇದೇ ತಾಲ್ಲೂಕಿನ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿ, ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದ ಚಕ್ರವರ್ತಿ ರಾಜಗೋಪಾಲಾಚಾರಿಯವರು ಮದರಾಸಿನ ಪ್ರಧಾನಿಯಾದ ಮೇಲೆ, 1937ರ ಅಕ್ಟೋಬರ್ 1ರಂದು, ಪಾನನಿರೋಧವನ್ನು ಮೊದಲು ಜಾರಿಗೊಳಿಸಿದ್ದು ತಮ್ಮ ಸೇಲಂ ಜಿಲ್ಲೆಯಲ್ಲೇ. ಹೊಸೂರು, ಕೃಷ್ಣಗಿರಿ ಒಣಗಿದವು. ಹೊಸೂರಿನಿಂದ ಎಂಟು ಹತ್ತು ಕಿಲೋಮೀಟರ್ ಆಚೆಯ ಅತ್ತಿಬೆಲೆ ಮೈಸೂರು ಸಂಸ್ಥಾನ; ಆ ಕಾಯಿದೆ ಅಲ್ಲಿಗಿಲ್ಲ. ಗಡಿಯ ಎರಡು ಮಗ್ಗುಲಿನ ವಸತಿಗಳ ವ್ಯಾಪಾರದಲ್ಲಿ ಇದರ ಲೆಕ್ಕ ಎಷ್ಟಿತ್ತೆಂದು ಯಾವ ರಿಜಿಸ್ಟರೂ ಹೇಳುವುದಿಲ್ಲ, ದಾರಿ ಬಲ್ಲವರು ಊಹಿಸಬಲ್ಲರು.

ಕಾಡಿನ ಬಂಗಲೆಗಳದು ಬೇರೆಯೇ ಜಾತಿ. 1882ರ ಮದರಾಸು ಅರಣ್ಯ ಕಾಯಿದೆಯ ನಂತರ ಮೀಸಲು ಅರಣ್ಯಗಳು ಗುರುತಾಗಿ, ರೇಂಜರು, ಗಾರ್ಡುಗಳ ತಂಗಲಿಗೆ ಫಾರೆಸ್ಟ್ ಬಂಗಲೆಗಳು ಹುಟ್ಟಿಕೊಂಡವು. ಹೊಸೂರಿಗೆ ತೆಂಕಣದಲ್ಲಿ ತಳಿ, ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿ. ಅಲ್ಲಿಂದ ಕಾಡು ಇಳಿಯುತ್ತ ಹೋಗಿ ಕಾವೇರಿ ಮುಟ್ಟುತ್ತದೆ. ಈ ಬಂಗಲೆಗಳನ್ನು ಓದುಗರ ನಕ್ಷೆಯಲ್ಲಿ ಗುರುತಿಸಿದವರು ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ (1910–1974). 1954ರ ಮೊದಲ ಪುಸ್ತಕದಲ್ಲೇ ಜವಳಗಿರಿಯ ನರಭಕ್ಷಕ ಹೆಣ್ಣುಹುಲಿ ಇದೆ: ಸಂಗಾತಿಗಾಗಿ ಕೂಗುತ್ತಿದ್ದ ಅದಕ್ಕೆ ಗಂಡುಹುಲಿಯ ದನಿಯಲ್ಲಿ ಓಗೊಟ್ಟು ಹತ್ತಿರ ಕರೆಸಿಕೊಂಡ ಪ್ರಸಂಗ ಆ ಕತೆಯ ಜೀವ. ಗುಮ್ಮಳಾಪುರದ ಚಿರತೆಯ ಕತೆಯಲ್ಲಿ ಬಂಗಲೆಯ ಸೌಕರ್ಯವಿಲ್ಲ. ಹಳ್ಳಿಯ ಗುಡಿಸಲು, ಜತೆಗೆ ಕಾವಲಾಗಿ ಸೇರಿಕೊಂಡ ಬೀದಿನಾಯಿ. ಆ ನಾಯಿಯನ್ನು ಅವರು ನಿಪ್ಪರ್ ಎಂದು ಹೆಸರಿಟ್ಟು ಮನೆಗೆ ಕರೆದುಕೊಂಡು ಹೋದರು. 1959ರ ಪುಸ್ತಕದ ಹೆಸರಿನಲ್ಲೇ ಇರುವ ಶಿವನಿಪಳ್ಳಿಯೂ ಡೆಂಕಣಿಕೋಟೆಯ ಬಳಿಯದೇ.

ಬೆಂಗಳೂರಿನಿಂದ ಸಂಜೆ ಕಾರು ಹತ್ತಿ ಕತ್ತಲಾಗುವ ಮುನ್ನ ಕಾಡಿನ ಬಂಗಲೆಯ ಜಗಲಿಯಲ್ಲಿ ಕೂರಬಹುದು ಎಂಬುದರಿಂದಲೇ ಆಂಡರ್ಸನ್ನರ ಬರವಣಿಗೆ ಸಾಧ್ಯವಾಯಿತು. ಕಾರಿಲ್ಲದ ಕಾಲದಲ್ಲಿ ಬಂಗಲೆ ಅಧಿಕಾರಿಯದು, ಕಾರು ಬಂದ ಮೇಲೆ ವಾರಾಂತ್ಯದ ಬೇಟೆಗಾರನದೂ ಹೌದು. ಅವರ ಪುಟಗಳಲ್ಲಿ ಹುಲಿಯಷ್ಟೇ ಜಾಗವನ್ನು ಪೂಜಾರಿ, ಬೇಟೆಯ ಜತೆಗಾರ, ಗಾಡಿ ಹೊಡೆಯುವವ, ಫಾರೆಸ್ಟ್ ಗಾರ್ಡು ಪಡೆಯುತ್ತಾರೆ. ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯಲ್ಲಿ ಆಂಡರ್ಸನ್ನರನ್ನು ಕನ್ನಡಕ್ಕೆ ತಂದಾಗ ಈ ಜನ ಕನ್ನಡ ಮಾತಾಡಿದ್ದು ಅಸಹಜ ಎನಿಸಲಿಲ್ಲ. ಇಂಗ್ಲಿಷಿಗಿಂತ ಅಲ್ಲಿ ಅವರು ಹೆಚ್ಚು ತಮ್ಮಂತೆ ಇದ್ದಾರೆ ಎಂದರೂ ತಪ್ಪಿಲ್ಲ: ತಳಿ, ಜವಳಗಿರಿ ಕಡೆಯ ಎಷ್ಟೋ ಮನೆಗಳ ಮಾತು ಕನ್ನಡವೇ.

1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ಹೊಸೂರು ಮದರಾಸಿನಲ್ಲೇ ಉಳಿಯಿತು. ಅತ್ತಿಬೆಲೆಯ ಪ್ರವಾಸಿ ಮಂದಿರವೂ ಹೊಸೂರಿನ ಪಯಣಿಯರ್ ಮಾಳಿಗೈಯೂ ಎರಡು ಸರ್ಕಾರಗಳ ಬೇರೆ ಬೇರೆ ಬಣ್ಣ ಬಳಿದುಕೊಂಡವು. ಮರುವರ್ಷ, 1957ರ ನವೆಂಬರಿನಲ್ಲಿ, ಮದರಾಸಿನ ಮುಖ್ಯಮಂತ್ರಿ ಕಾಮರಾಜರು ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೃಷ್ಣಗಿರಿ ಅಣೆಕಟ್ಟನ್ನು ತೆರೆದರು. ಅದರ ಬಳಿಯ ಲೋಕೋಪಯೋಗಿ ಇಲಾಖೆಯ ತಂಗುಮನೆ ಹಳೆಯ ನಿರೀಕ್ಷಣಾ ಮಂದಿರದ ಕಡೆಯ ತಲೆಮಾರು: ಕಲ್ಲು, ಸಿಮೆಂಟು, ಮುಂದೆ ಕತ್ತರಿಸಿದ ಬೇಲಿ, ಎಂಜಿನಿಯರು ಬರುವ ದಿನ ಮಾತ್ರ ತೆರೆಯುವ ಕಿಟಕಿ.

ಮುಂದಿನದು ಕಾರ್ಖಾನೆಯ ಕಾಲ. 1970ರ ದಶಕದಲ್ಲಿ ಹೊಸೂರಿಗೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. ಅಶೋಕ್ ಲೇಲ್ಯಾಂಡ್, ಟೀವಿಎಸ್, 1980ರ ದಶಕದಲ್ಲಿ ಟೈಟಾನ್ ಗಡಿಯಾರ. ಯಂತ್ರ ಜೋಡಿಸುವವರು, ಆಡಿಟರು, ಬಿಡಿಭಾಗ ಮಾರುವವರು ದಿನಂಪ್ರತಿ ಬರತೊಡಗಿದಾಗ ಸರ್ಕಾರಿ ಬಂಗಲೆಯ ಎರಡು ಕೋಣೆ ಯಾವ ಮೂಲೆಗೂ ಸಾಲದು. ಬಸ್ ನಿಲ್ದಾಣದ ಸುತ್ತ ಲಾಡ್ಜುಗಳು, ಕಂಪನಿಗಳ ಸ್ವಂತ ಗೆಸ್ಟ್ ಹೌಸುಗಳು, ಆಮೇಲೆ ಹೋಟೆಲುಗಳು ಎದ್ದವು. 2019ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ಲಾಡ್ಜು ಜಾತಿಯನ್ನೂ ಹುದ್ದೆಯನ್ನೂ ಕೇಳುವುದಿಲ್ಲ, ಮುಂಗಡ ಕೇಳುತ್ತದೆ, ಜತೆಗೆ ಆಧಾರ್ ಕಾರ್ಡಿನ ಜೆರಾಕ್ಸ್.

ಕೃಷ್ಣಗಿರಿಯದು ಇನ್ನೊಂದು ಪಾಡು. ಬೆಂಗಳೂರು, ಚೆನ್ನೈ, ಸೇಲಂ, ಪುದುಚೇರಿ, ಕುಪ್ಪಂ ಕಡೆಯ ಹೆದ್ದಾರಿಗಳು ಕೂಡುವ ಊರಾದರೂ ರಾತ್ರಿ ಉಳಿಯುವವರು ಕಡಿಮೆ. ಬೆಂಗಳೂರಿನಿಂದ 90 ಕಿಲೋಮೀಟರ್ ಎಂದರೆ ಈಗ ಒಂದು ತಿಂಡಿಯ ದೂರ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ 2010ರಲ್ಲಿ ತೆರೆದ ಮೇಲೆ ಹೊಸೂರು ದಾರಿಯ ಮೊದಲ ತಂಗೂ ಅಲ್ಲ, ಬೆಂಗಳೂರಿನ ಹೊರಬಡಾವಣೆಯ ಹಾಗೆ. ದಾರಿಬದಿಯಲ್ಲಿ ಹೆಚ್ಚಿರುವುದು ಹಾಸಿಗೆಯಲ್ಲ, ಇಡ್ಲಿ: ಕಾರು ನಿಲ್ಲಿಸಲು ಮೈದಾನದಷ್ಟು ಜಾಗ ಬಿಟ್ಟ ಹೋಟೆಲುಗಳು, ಮೇ ತಿಂಗಳಲ್ಲಿ ಅವುಗಳ ಮುಂದೆ ತೋತಾಪುರಿ, ಬಾದಾಮಿ ಮಾವಿನ ರಾಶಿ.

ಕಾಡಿನ ಮಗ್ಗುಲು ಮಾತ್ರ ಇನ್ನೂ ನಿಧಾನ. 2014ರಲ್ಲಿ ಸುಮಾರು 504 ಚದರ ಕಿಲೋಮೀಟರ್ ಕಾಡನ್ನು ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಘೋಷಿಸಿದ ಮೇಲೆ ಅರಣ್ಯದೊಳಗೆ ತಂಗಲು ಇಲಾಖೆಯ ಅಪ್ಪಣೆ ಬೇಕು. ರಾಗಿ ತೆನೆಗಟ್ಟುವ ಹೊತ್ತಿಗೆ ಬನ್ನೇರುಘಟ್ಟದಿಂದ ಆನೆಗಳು ಜವಳಗಿರಿ, ತಳಿಯ ದಾರಿ ಹಿಡಿದು ಹೊಸೂರಿನ ಸೆರಗಿನ ಸಾನಮಾವು ಕಾಡಿಗೆ ಬಂದು ಬೀಡುಬಿಡುತ್ತವೆ. ಹಗಲು ಮರಗಳ ನಡುವೆ ನಿಂತು, ರಾತ್ರಿ ಹೊಲಕ್ಕೆ ಇಳಿದು, ಸುಗ್ಗಿ ಮುಗಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಈ ಸೀಮೆಯಲ್ಲಿ ಹಳೆಯ ನಡೆಯ ಲೆಕ್ಕದಲ್ಲೇ ಮೊಕ್ಕಾಂ ಮಾಡುವವು ಈಗ ಅವಷ್ಟೇ.